ಸಿನಿಮಾ ಸೀಡಿ ಇನ್ನೂ ಯಾಕೆ ಬೇಕು, ಅಟ್ಟದ ಮೇಲಿರೋದನ್ನ ಮತ್ತೆ ಓಡ್ಸೋದು ಹೇಗೆ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಪ್ಪ ಒಂದು ಹಳೇ ಕಪ್ಪು ಬಿಳುಪು ಸಿನಿಮಾ ಹೆಸರು ಹೇಳಿ ಅದನ್ನ ಹಾಕೋ ಅಂದ್ರು. ಎರಡು ತಿಂಗಳ ಹಿಂದಷ್ಟೇ ಬೆಂಗಳೂರಲ್ಲಿ ನಾನು ಅದನ್ನ ಒಂದು ಆ್ಯಪಲ್ಲಿ ಅರ್ಧ ನೋಡಿ ಮಲಗಿದ್ದೆ, ಹಾಗಾಗಿ ಇದ್ದೇ ಇರತ್ತೆ ಅಂತ ರಿಮೋಟ್ ಹಿಡಿದು ಕೂತ್ರೆ ಸಿನಿಮಾನೇ ಇಲ್ಲ, ನಾನು ಅರ್ಧಕ್ಕೆ ನಿಲ್ಸಿದ್ದ ಗುರುತೂ ಇಲ್ಲ, ಹುಡುಕಿದ್ರೆ ಸಂಬಂಧವೇ ಇಲ್ಲದ ಹತ್ತು ಪೋಸ್ಟರ್ ಬರ್ತಾವೆ. ಇಂಟರ್ನೆಟ್ಟಲ್ಲಿ ಬೇರೆ ಕಡೆ ಒಂದು ಕಾಪಿ ಸಿಕ್ತು, ಅದ್ರಲ್ಲಿ ಟೀವಿ ಅಗಲಕ್ಕೆ ಹೊಂದಲಿ ಅಂತ ಎಲ್ಲರ ಹಣೆ ಮೇಲಿಂದ ಕತ್ತರಿಸಿದ್ದಾರೆ, ಮೂಲೇಲಿ ದೊಡ್ಡ ಲೋಗೋ, ಅಪ್ಪನಿಗೆ ಬೇಕಿದ್ದ ಹಾಡನ್ನೇ ಹಾರಿಸಿದ್ದಾರೆ. ಕೊನೆಗೆ ಅಮ್ಮ ಅಡುಗೆ ಮನೆಯಿಂದ್ಲೇ, ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬ ಇದೆ ನೋಡೋ ಅಂದ್ರು. ಇಳಿಸಿ ನೋಡಿದ್ರೆ ಅದೇ ಸಿನಿಮಾದ ಮೂರು ಸೀಡಿ ಸೆಟ್, ಮೇಲೆ ಬೂಷ್ಟು, ಒಳಗೆ ಚೆನ್ನಾಗೇ ಇತ್ತು. ತೊಳೆದು ಹಾಕಿದ್ವಿ, ಹಾಡು ಬಂತು, ಅಪ್ಪ ಮಾತಾಡ್ಲಿಲ್ಲ, ಸುಮ್ನೆ ಕೇಳ್ತಾ ಕೂತ್ರು.

ಅವತ್ತಿಂದ ಊರಲ್ಲಿ, ಆಫೀಸಲ್ಲಿ ಎಷ್ಟೋ ಜನ ಇದನ್ನ ಕೇಳಿದ್ದಾರೆ, ಎಲ್ಲಾ ಮೊಬೈಲಲ್ಲೇ ಸಿಗೋವಾಗ ಇದ್ಯಾಕೆ ಅಂತ, ಮತ್ತೆ ಕೇಳಿದವರಲ್ಲಿ ಅರ್ಧ ಜನ ಆಮೇಲೆ ಫೋನ್ ಮಾಡಿ, ನಮ್ಮನೇಲೂ ಒಂದು ಡಬ್ಬ ಇದೆ ಅದನ್ನ ಏನ್ ಮಾಡೋದು ಅಂತಾರೆ. ಅದಕ್ಕೇ ಇದನ್ನ ಒಂದೇ ಕಡೆ ಬರೀತಿದೀನಿ. ಮೊದ್ಲು ಯಾಕೆ ಅನ್ನೋದು ಸ್ವಲ್ಪ, ಆಮೇಲೆ ಹೇಗೆ ಅನ್ನೋದು.

ಆ್ಯಪಲ್ಲಿ ಸಿನಿಮಾ ಮಾಯ ಆಗೋದು ಯಾರ ತಪ್ಪೂ ಅಲ್ಲ, ಆ ವ್ಯವಹಾರ ಇರೋದೇ ಹಾಗೆ. ನಿರ್ಮಾಪಕರು ಅವರಿಗೆ ಸಿನಿಮಾ ಮಾರಿರಲ್ಲ, ಇಷ್ಟು ವರ್ಷ ತೋರಿಸ್ಬಹುದು ಅಂತ ಹಕ್ಕು ಕೊಟ್ಟಿರ್ತಾರೆ, ಅವಧಿ ಮುಗೀತು ಅಂದ್ರೆ ಇಳಿಸ್ಬೇಕು. ಹೋಗ್ಲಿ ದುಡ್ಡು ಕೊಟ್ಟು 'ಬೈ' ಅನ್ನೋ ಬಟನ್ ಒತ್ತಿ ತಗೊಂಡಿದ್ದಾದ್ರೂ ನಮ್ಮದಾ ಅಂದ್ರೆ ಅದೂ ಪೂರ್ತಿ ನಮ್ಮದಲ್ಲ, ನಮಗೆ ಸಿಗೋದು ನೋಡೋ ಅನುಮತಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಅಂತಾನೇ ಒಂದು ಕಾನೂನು ಮಾಡಿ 2025ರ ಜನವರಿಯಿಂದ ಜಾರಿಗೆ ತಂದಿದ್ದಾರೆ, ಡಿಜಿಟಲ್ ವಸ್ತು ಮಾರೋವಾಗ ಇದು ಲೈಸೆನ್ಸ್ ಅಷ್ಟೇ ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳ್ಬೇಕು ಅಂತ. ಅಷ್ಟರ ಮಟ್ಟಿಗೆ ಜನ ಮೋಸ ಹೋದ ಹಾಗೆ ಅನ್ಕೊಂಡಿದ್ರು. ಸೀಡಿ ಅಂದ್ರೆ ಹಾಗಲ್ಲ, ಅದು ಬೀರುವಲ್ಲಿದ್ರೆ ಇದೆ, ಯಾರೂ ರಾತ್ರೋರಾತ್ರಿ ಬಂದು ತಗೊಂಡು ಹೋಗಲ್ಲ.

ಇನ್ನೊಂದು ಕಾರಣ ಚಿತ್ರ ಮತ್ತು ಸೌಂಡು, ಇದು ಹೊಸ ಸಿನಿಮಾಗಳಿಗೆ ಜಾಸ್ತಿ ಅನ್ವಯಿಸತ್ತೆ. ನೆಟ್‌ಫ್ಲಿಕ್ಸ್‌ನವರೇ ಹೇಳೋ ಪ್ರಕಾರ 4ಕೆ ಸಿನಿಮಾಗೆ ಗಂಟೆಗೆ ಹೆಚ್ಚಂದ್ರೆ 7 ಜಿಬಿ ಖರ್ಚಾಗತ್ತೆ, ಅಂದ್ರೆ ಎರಡು ಗಂಟೆಗೆ 14. ಅದೇ ಸಿನಿಮಾ 4ಕೆ ಬ್ಲೂರೇಲಿ, ಅಂದ್ರೆ ಡಿವಿಡಿ ಆದ್ಮೇಲೆ ಬಂದ ಜಾಸ್ತಿ ಹಿಡಿಯೋ ಡಿಸ್ಕಲ್ಲಿ ಬಂದ್ರೆ ಸಾಮಾನ್ಯವಾಗಿ 66 ಅಥವಾ 100 ಜಿಬಿ ಜಾಗ ಇರತ್ತೆ. ಸ್ಟ್ರೀಮಿಂಗಲ್ಲಿ ಎಲ್ಲಾ ಕಡೆ ಇದು ಗೊತ್ತಾಗಲ್ಲ, ಬೆಳಕಿನ ಸೀನಲ್ಲಿ ಎರಡೂ ಒಂದೇ ಥರ ಕಾಣತ್ತೆ, ಆದ್ರೆ ಕತ್ತಲೆ ಸೀನ್ ಬಂದಾಗ, ಮಂಜು, ಹೊಗೆ, ಮಳೆ, ಧೂಳು ಬಂದಾಗ ನೋಡಿ, ಸ್ಟ್ರೀಮಿಂಗಲ್ಲಿ ಕಪ್ಪು ಬಣ್ಣ ಚೌಕ ಚೌಕವಾಗಿ ಒಡೆಯತ್ತೆ, ಆಕಾಶ ಪಟ್ಟೆ ಪಟ್ಟೆ ಆಗತ್ತೆ. ಸೌಂಡಲ್ಲೂ ಅಷ್ಟೇ, ಸ್ಟ್ರೀಮಿಂಗಿನ ಡಾಲ್ಬಿ ಅನ್ನೋದು ಹಿಂಡಿ ಹಿಂಡಿ ಸಣ್ಣ ಮಾಡಿದ ಡಾಲ್ಬಿ, ಬ್ಲೂರೇಲಿ ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಮಿಕ್ಸ್ ಮಾಡಿದ್ದು ಏನೂ ಕಳ್ಕೊಳ್ಳದೆ ಬರತ್ತೆ. ಮನೇಲಿ ಟೀವಿ ಸ್ಪೀಕರ್ ಮಾತ್ರ ಇದ್ರೆ ಈ ವ್ಯತ್ಯಾಸಕ್ಕೆ ದುಡ್ಡು ಹಾಕ್ಬೇಡಿ, ಒಂದು ಒಳ್ಳೇ ಹೋಮ್ ಥಿಯೇಟರ್ ಇದ್ರೆ ಮಾತ್ರ ಯೋಚ್ನೆ ಮಾಡಿ.

ಕನ್ನಡದ ವಿಷ್ಯಕ್ಕೆ ಬಂದ್ರೆ ನನಗೆ ಚಿತ್ರದ ಗುಣಮಟ್ಟಕ್ಕಿಂತ ಉಳಿಯೋದು ಮುಖ್ಯ. ನಮ್ಮ ಮೊದಲ ಟಾಕಿ 1934ರ ಸತಿ ಸುಲೋಚನ, ಅದರ ಒಂದೇ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಒಂದು ಭಾಷೆಯ ಮೊದಲ ಮಾತಾಡೋ ಸಿನಿಮಾನೇ ಹೋಯ್ತು ಅಂದ್ರೆ ಆಮೇಲೆ ಬಂದವಕ್ಕೆ ಏನು ಗ್ಯಾರಂಟಿ. ವಿಸಿಡಿ, ಅಂದ್ರೆ ಸಿನಿಮಾ ತುಂಬಿದ ಹಳೇ ಸೀಡಿ, ಅದು ಸಂರಕ್ಷಣೆ ಅಂತ ನಾನು ಹೇಳ್ತಿಲ್ಲ, ಅದರ ಚಿತ್ರ ತೀರಾ ಮಂಕು, ಆದ್ರೆ ಹಾಡು ಕತ್ತರಿಸದ, ಟೈಟಲ್ ಕಾರ್ಡ್ ಪೂರ್ತಿ ಇರೋ ಒಂದು ಕಾಪಿ ಮನೇಲಿದ್ರೆ ಅದನ್ನ ಕಸಕ್ಕೆ ಹಾಕೋಕೆ ಮುಂಚೆ ಎರಡು ಸಲ ಯೋಚ್ನೆ ಮಾಡಿ ಅಂತ ಅಷ್ಟೇ.

ಸರಿ, ಈಗ ಡಬ್ಬ ಇಳಿಸಿ. ನಮ್ಮ ಕಡೆ ಎಲ್ಲದಕ್ಕೂ ಸೀಡಿ ಅಂತಾನೇ ಹೇಳೋದು, ಆದ್ರೆ ಒಳಗೆ ಮೂರು ನಾಲ್ಕು ಜಾತಿ ಇರತ್ತೆ, ಮೊದ್ಲು ಬೇರೆ ಬೇರೆ ಮಾಡಿ. ಒಂದು ಸಿನಿಮಾಗೆ ಎರಡು ಅಥವಾ ಮೂರು ಡಿಸ್ಕ್ ಇದ್ರೆ ಅದು ಬಹುತೇಕ ವಿಸಿಡಿ, ಒಂದರಲ್ಲಿ 74 ನಿಮಿಷದಷ್ಟೇ ಹಿಡಿಯೋದು, ನಮ್ಮ ಸಿನಿಮಾಗಳು ಎರಡೂವರೆ ಗಂಟೆ, ಅದಕ್ಕೇ ಮೂರು. ಅದರ ಚಿತ್ರ 352 ಗುಣಿಸು 288 ಚುಕ್ಕಿ, ಈಗಿನ ದೊಡ್ಡ ಟೀವಿಗೆ ಅದು ಏನೇನೂ ಸಾಲಲ್ಲ. ಡಿವಿಡಿ ಅಂದ್ರೆ ಹೆಚ್ಚಂದ್ರೆ 720 ಗುಣಿಸು 576, ಒಂದು ಪದರದ್ದಾದ್ರೆ 4.7 ಜಿಬಿ, ಎರಡು ಪದರದ್ದಾದ್ರೆ 8.5. ಬ್ಲೂರೇ 1920 ಗುಣಿಸು 1080, 25 ಅಥವಾ 50 ಜಿಬಿ, ಡಬ್ಬಿ ಸಾಮಾನ್ಯವಾಗಿ ನೀಲಿ, 4ಕೆ ಆದ್ರೆ ಕಪ್ಪು ಡಬ್ಬಿ. ಇದರ ಜೊತೆ ಮೂರು ಸಿನಿಮಾ ಒಂದರಲ್ಲಿ, ಐದು ಸಿನಿಮಾ ಒಂದರಲ್ಲಿ ಅನ್ನೋ ಡಿವಿಡಿ ಬರ್ತಿತ್ತಲ್ಲ, ಅದು ಅಗ್ಗ ಅನ್ಸಿದ್ರೂ ಇರೋ ಅಷ್ಟೇ ಜಾಗವನ್ನ ಐದು ಜನಕ್ಕೆ ಹಂಚಿದ ಹಾಗೆ, ಚಿತ್ರ ವಿಸಿಡಿ ಮಟ್ಟಕ್ಕೇ ಇಳಿದಿರತ್ತೆ. ಅದೇ ಸಿನಿಮಾ ಒಂಟಿಯಾಗಿ ಇನ್ನೊಂದು ಡಿವಿಡೀಲಿ ಸಿಕ್ಕಿದ್ರೆ ಅದನ್ನೇ ಇಟ್ಕೊಳ್ಳಿ.

ಆಮೇಲೆ ಪ್ರತಿಯೊಂದನ್ನೂ ತಿರುಗಿಸಿ ಹಿಂಭಾಗ ನೋಡಿ. ಬೆಳ್ಳಿ ಥರ ಹೊಳೀತಿದ್ರೆ ಅದು ಫ್ಯಾಕ್ಟರೀಲಿ ಅಚ್ಚು ಹಾಕಿದ್ದು, ನೇರಳೆ ಅಥವಾ ಹಸಿರು ಛಾಯೆ ಇದ್ರೆ ಅದು ಕಂಪ್ಯೂಟರಲ್ಲಿ ಬರ್ನ್ ಮಾಡಿದ್ದು. ಈ ವ್ಯತ್ಯಾಸ ತುಂಬಾ ಮುಖ್ಯ, ಯಾಕಂದ್ರೆ ಬರ್ನ್ ಮಾಡಿದ್ದರಲ್ಲಿ ಮಾಹಿತಿ ಇರೋದು ಒಂದು ಬಣ್ಣದ ಪದರದಲ್ಲಿ, ಆ ಬಣ್ಣ ಬಿಸಿಲಿಗೆ ಸೆಕೆಗೆ ಮಾಸತ್ತೆ, ಅಚ್ಚು ಹಾಕಿದ್ದರಲ್ಲಿ ಸಣ್ಣ ಸಣ್ಣ ಗುಳಿಗಳೇ ಇರತ್ತೆ, ಅದು ಮಾಸಲ್ಲ. ಹಾಗಾಗಿ ಮನೇಲಿ ನಿಮ್ಮ ಅಕ್ಕನ ಮದುವೆ, ತಮ್ಮನ ಉಪನಯನ, ಅಜ್ಜನ ಎಂಬತ್ತರ ಶಾಂತಿ ಅಂತ ಫೋಟೋ ಸ್ಟುಡಿಯೋದವರು ಕೊಟ್ಟ ಡಿವಿಡಿ ಇದ್ರೆ, ದಯವಿಟ್ಟು, ಸಿನಿಮಾ ಎಲ್ಲಾ ಆಮೇಲೆ, ಮೊದ್ಲು ಅದನ್ನ ಕಾಪಿ ಮಾಡಿ. ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ತಗೊಳ್ಳಿ, ಬೆಂಗಳೂರಾದ್ರೆ ಎಸ್‌ಪಿ ರೋಡಲ್ಲಿ ಸಿಗತ್ತೆ, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ. ಡಿವಿಡಿ ಆದ್ರೆ ವಿಡಿಯೋ ಟಿಎಸ್ ಅನ್ನೋ ಫೋಲ್ಡರ್ ಇರತ್ತೆ ಅದನ್ನ ಪೂರ್ತಿ ಎತ್ಕೊಳ್ಳಿ, ವಿಸಿಡಿ ಆದ್ರೆ ಎಂಪಿಇಜಿಎವಿ ಅನ್ನೋ ಫೋಲ್ಡರಲ್ಲಿ ಡ್ಯಾಟ್ ಫೈಲ್ ಇರತ್ತೆ. ಎರಡನ್ನೂ ವಿಎಲ್‌ಸಿ ಪ್ಲೇಯರ್ ಓಡ್ಸತ್ತೆ, ಅದು ಫ್ರೀ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಲ್ಲಿ ಇಡಿ, ಒಂದು ನಿಮ್ಮನೇಲಿ ಒಂದು ಅಕ್ಕನ ಮನೇಲಿ. ನಮ್ಮ ಚಿಕ್ಕಪ್ಪನ ಮದುವೆ ಡಿವಿಡಿ ನಾನು ತಡ ಮಾಡಿದ್ದಕ್ಕೆ ಧಾರೆ ಆದ ಮೇಲಿನದ್ದು ಏನೂ ಓದ್ಲಿಲ್ಲ, ಅದರಲ್ಲಿ ಅಜ್ಜಿ ಹಾಡು ಹೇಳಿದ್ದಿತ್ತು. ಈಗ್ಲೂ ಹೊಟ್ಟೆ ಉರಿಯತ್ತೆ.

ಇನ್ನು ಪ್ಲೇಯರ್. ಮನೇಲಿ ಹಳೇ ಡಿವಿಡಿ ಪ್ಲೇಯರ್ ಇದ್ರೆ ಅದನ್ನ ಕೊಡ್ಬೇಡಿ, ವಿಸಿಡಿ ಓಡ್ಸೋಕೆ ಅದೇ ಒಳ್ಳೇದು, ಎಷ್ಟೋ ಬ್ಲೂರೇ ಪ್ಲೇಯರ್‌ಗಳು ವಿಸಿಡಿ ಓದೋದೇ ಇಲ್ಲ, ತಗೊಳ್ಳೋಕೆ ಮುಂಚೆ ಮ್ಯಾನ್ಯುಯಲ್ ನೋಡಿ. ಬ್ಲೂರೇ ಬೇಕು ಅಂದ್ರೆ ಮೊದ್ಲು ಮನೇಲಿ ಮಕ್ಕಳ ಗೇಮ್ ಬಾಕ್ಸ್ ಏನಿದೆ ನೋಡಿ, ಪ್ಲೇಸ್ಟೇಷನ್ 3 ಮತ್ತು 4 ಸಾಮಾನ್ಯ ಬ್ಲೂರೇ ಓಡ್ಸತ್ತೆ, ಡಿಸ್ಕ್ ಹಾಕೋ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 4ಕೆ ಬ್ಲೂರೇನೂ ಓಡ್ಸತ್ತೆ. ಎಷ್ಟೋ ಮನೇಲಿ ಇದು ಗೊತ್ತೇ ಇರಲ್ಲ, ಬ್ಲೂರೇ ಪ್ಲೇಯರ್ ಟೀವಿ ಕೆಳಗೇ ಕೂತಿರತ್ತೆ. ಪ್ರತ್ಯೇಕ ಪ್ಲೇಯರ್ ತಗೊಳ್ಳೋದಾದ್ರೆ ಆಯ್ಕೆ ಕಮ್ಮಿ ಆಗ್ತಾ ಬಂದಿದೆ, ಓಪ್ಪೋದವರು 2018ರಲ್ಲಿ ನಿಲ್ಸಿದ್ರು, ಸ್ಯಾಮ್‌ಸಂಗ್ 2019ರಲ್ಲಿ, ಹಾಗಾಗಿ ಸೋನಿ ಅಥವಾ ಪ್ಯಾನಾಸೋನಿಕ್ ಕಡೆ ನೋಡಿ. ಸೆಕೆಂಡ್ ಹ್ಯಾಂಡ್ ಆದ್ರೆ ನಿಮ್ಮದೇ ಮೂರು ಡಿಸ್ಕ್ ತಗೊಂಡು ಹೋಗಿ, ಒಂದು ವಿಸಿಡಿ, ಒಂದು ಡಿವಿಡಿ, ಒಂದು ಬ್ಲೂರೇ, ಮೂರನ್ನೂ ಅವರ ಮುಂದೇನೇ ಓಡಿಸಿ ನೋಡಿ. ಯಾಕೆ ಮೂರೂ ಅಂದ್ರೆ ಸೀಡಿಗೆ, ಡಿವಿಡಿಗೆ, ಬ್ಲೂರೇಗೆ ಬೇಕಾದ ಲೇಸರ್ ಬೇರೆ ಬೇರೆ, ಸೀಡಿಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಡಿವಿಡಿಗೆ ಕೆಂಪು, ಬ್ಲೂರೇಗೆ ನೀಲಿ ನೇರಳೆ, ಹೆಸರು ಬಂದಿದ್ದೇ ಅದರಿಂದ. ಒಂದು ಚೆನ್ನಾಗಿದ್ದು ಇನ್ನೊಂದು ಹೋಗಿರಬಹುದು.

ಅಮೆರಿಕದಲ್ಲಿ ಭಾವ ಇದ್ದಾರೆ, ಲಂಡನ್ನಿಂದ ಅತ್ತಿಗೆ ಬರ್ತಾರೆ, ಅಲ್ಲಿಂದ ತರಿಸ್ಕೊಳ್ತೀನಿ ಅನ್ನೋರು ಇದೊಂದನ್ನ ಗಮನ ಇಟ್ಟು ಓದಿ, ಯಾಕಂದ್ರೆ ಇಲ್ಲೇ ಜನ ದುಡ್ಡು ಕಳ್ಕೊಳ್ಳೋದು. ಡಿಸ್ಕ್‌ಗಳಿಗೆ ರೀಜನ್ ಅಂತ ಬೀಗ ಇರತ್ತೆ. ಡಿವಿಡೀಲಿ ಭಾರತ 5, ಅಮೆರಿಕ 1, ಬ್ರಿಟನ್ 2. ಬ್ಲೂರೇಲಿ ಭಾರತ ಸಿ, ಅಮೆರಿಕ ಎ, ಬ್ರಿಟನ್ ಬಿ. ಇಲ್ಲಿನ ಪ್ಲೇಯರಿಗೆ ಅಲ್ಲಿನ ಡಿಸ್ಕ್ ಹಾಕಿದ್ರೆ ಓಡ್ಸಲ್ಲ ಅಂತ ಹೇಳ್ಬಿಡತ್ತೆ. ಆದ್ರೆ 4ಕೆ ಬ್ಲೂರೇಗೆ ರೀಜನ್ನೇ ಇಲ್ಲ, ಎಲ್ಲಿಂದ ತಂದ್ರೂ ಓಡತ್ತೆ, ಹಾಗಾಗಿ ಹೊರಗಿಂದ ತರಿಸೋದಾದ್ರೆ 4ಕೆ ತರಿಸಿ. ಅದ್ರಲ್ಲೂ ಒಂದು ಸಣ್ಣ ಪೇಚು ಇದೆ, 4ಕೆ ಡಬ್ಬಿ ಒಳಗೆ ಜೊತೆಗೆ ಕೊಡೋ ಸಾಮಾನ್ಯ ಬ್ಲೂರೇಗೆ ರೀಜನ್ ಇರಬಹುದು, ಸಂದರ್ಶನ, ಮೇಕಿಂಗ್ ಎಲ್ಲಾ ಅದರಲ್ಲೇ ಇರತ್ತೆ. ಡಬ್ಬಿ ಹಿಂದೆ ಒಂದು ಸಣ್ಣ ಚಿತ್ರದೊಳಗೆ ನಂಬರ್ ಅಥವಾ ಅಕ್ಷರ ಇರತ್ತೆ, ಫೋಟೋ ಕಳ್ಸೋಕೆ ಹೇಳಿ ನೋಡ್ಕೊಂಡೇ ಹೂಂ ಅನ್ನಿ. ಕಂಪ್ಯೂಟರ್ ಡ್ರೈವಲ್ಲಿ ರೀಜನ್ ಬದಲಾಯಿಸ್ಬಹುದು, ಆದ್ರೆ ಐದೇ ಸಲ, ಆಮೇಲೆ ಕೊನೇ ಸಲ ಇಟ್ಟಿದ್ದಕ್ಕೇ ಬೀಗ ಬೀಳತ್ತೆ, ಸುಮ್ನೆ ಒತ್ತಿ ನೋಡೋಣ ಅಂತ ಒತ್ಬೇಡಿ. ನಮ್ಮ ಭಾರತೀಯ ಸಿನಿಮಾ ಡಿವಿಡಿಗಳು ಎಷ್ಟೋ ಎಲ್ಲಾ ರೀಜನ್‌ಗೂ ಓಡೋ ಹಾಗೇ ಬಂದಿವೆ, ಹೊರದೇಶದಲ್ಲಿರೋ ನಮ್ಮವರೂ ತಗೊಳ್ಳಲಿ ಅಂತ, ಹಾಗಾಗಿ ಇಲ್ಲಿಂದ ಅಲ್ಲಿಗೆ ತಗೊಂಡು ಹೋಗೋರಿಗೆ ಅಷ್ಟು ತೊಂದ್ರೆ ಇಲ್ಲ.

ಟೀವಿಗೆ ಸಿಕ್ಕಿಸೋದು. ಎಚ್‌ಡಿಎಂಐ ಇದ್ರೆ ಅದೇ, ಬೇರೆ ಯೋಚ್ನೆ ಬೇಡ. ಹಳೇ ಪ್ಲೇಯರಲ್ಲಿ ಹಳದಿ ಕೆಂಪು ಬಿಳಿ ಪಿನ್ ಮಾತ್ರ ಇದ್ದು ಹೊಸ ಟೀವೀಲಿ ಆ ತೂತುಗಳೇ ಇಲ್ಲ ಅಂದ್ರೆ ಟೀವಿ ಹಿಂದೆ ಎವಿ ಅಂತ ಇಯರ್‌ಫೋನ್ ಪಿನ್ನಿನ ಥರದ್ದು ಒಂದು ಸಣ್ಣ ತೂತಿರತ್ತೆ, ಅದಕ್ಕೆ ಒಂದು ಸಣ್ಣ ಕೇಬಲ್ ಬರತ್ತೆ, ಅದೂ ಇಲ್ದಿದ್ರೆ ಎವಿಯಿಂದ ಎಚ್‌ಡಿಎಂಐಗೆ ಬದಲಾಯಿಸೋ ಡಬ್ಬಿ ಸಿಗತ್ತೆ. ಸಿಕ್ಕಿಸಿದ ಮೇಲೆ ಮುಖ್ಯವಾಗಿ ಮಾಡ್ಬೇಕಾಗಿರೋದು ಟೀವಿ ಸೆಟ್ಟಿಂಗ್. ಹಳೇ ಸಿನಿಮಾ ಹೆಚ್ಚುಕಮ್ಮಿ ಚೌಕಾಕಾರ, 4:3, ಟೀವಿ 16:9, ಆಗ ಎರಡೂ ಪಕ್ಕ ಕಪ್ಪು ಪಟ್ಟಿ ಬರ್ಬೇಕು, ಬಂದ್ರೆ ಸರಿ ಇದೆ ಅಂತ ಅರ್ಥ. ಆ ಕಪ್ಪು ಪಟ್ಟಿ ನೋಡಿ ಟೀವಿ ದೊಡ್ಡದು ತಗೊಂಡಿದ್ದು ವೇಸ್ಟ್ ಆಯ್ತು ಅಂತ ಸ್ಟ್ರೆಚ್ ಒತ್ತಿದ್ರೆ ಎಲ್ಲರೂ ದಪ್ಪಗಾಗ್ತಾರೆ, ಝೂಮ್ ಒತ್ತಿದ್ರೆ ತಲೆ ಕಾಲು ಹೋಗತ್ತೆ, ಛಾಯಾಗ್ರಾಹಕರು ಎಷ್ಟು ಯೋಚ್ನೆ ಮಾಡಿ ಇಟ್ಟ ಫ್ರೇಮ್ ಅದು, ಹಾಗೇ ಬಿಡಿ. ಆಮೇಲೆ ಬಹುತೇಕ ಕಂಪ್ನಿ ಟೀವೀಲಿ ಚಲನೆ ನುಣುಪು ಮಾಡೋ ಒಂದು ಸೆಟ್ಟಿಂಗ್ ಇರತ್ತೆ, ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿದ್ದಾರೆ, ಹೆಸರಲ್ಲಿ ಸಾಮಾನ್ಯವಾಗಿ ಮೋಷನ್ ಅಂತ ಇರತ್ತೆ, ಅದನ್ನ ಆಫ್ ಮಾಡಿ, ಇಲ್ದಿದ್ರೆ ಸೆಕೆಂಡಿಗೆ 24 ಫ್ರೇಮಿನ ಸಿನಿಮಾ ಸಂಜೆ ಧಾರಾವಾಹಿ ಥರ ಕಾಣತ್ತೆ. ಶಾರ್ಪ್‌ನೆಸ್ ಕೂಡ ಇಳಿಸಿ, ವಿಸಿಡಿಗೆ ಶಾರ್ಪ್‌ನೆಸ್ ಏರಿಸಿದಷ್ಟೂ ಚೌಕಗಳೇ ಜಾಸ್ತಿ ಕಾಣೋದು. ವಿಸಿಡಿ ನೋಡೋವಾಗ ಟೀವಿಯಿಂದ ಸ್ವಲ್ಪ ದೂರ ಕೂತ್ಕೊಂಡ್ರೆ ನಿಜಕ್ಕೂ ಚೆನ್ನಾಗಿ ಕಾಣತ್ತೆ.

ಎರಡು ವಿಷ್ಯ ಜನ ಕೆಟ್ಟೋಯ್ತು ಅನ್ಕೊಳ್ತಾರೆ, ಕೆಟ್ಟಿರಲ್ಲ. ಎರಡು ಪದರದ ಡಿವಿಡೀಲಿ ಸಿನಿಮಾ ಮಧ್ಯ ಒಂದು ಸಲ ಅರ್ಧ ಸೆಕೆಂಡ್ ನಿಂತ ಹಾಗಾಗತ್ತೆ, ಅದು ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಹೋಗೋ ಜಾಗ. ಇನ್ನೊಂದು, ಸಿನಿಮಾ ಅವಧಿ ಕಮ್ಮಿ ಇದೆ, ಕತ್ತರಿಸಿದ್ದಾರೆ ಅನ್ನೋದು. ಪಾಲ್ ಅಂದ್ರೆ ನಮ್ಮ ಕಡೆಯ ಟೀವಿ ಮಾದರಿ, ಅದಕ್ಕೆ ಮಾಡಿದ ಡಿವಿಡೀಲಿ 24 ಫ್ರೇಮಿನ ಸಿನಿಮಾವನ್ನ 25ಕ್ಕೆ ಓಡಿಸ್ತಾರೆ, ಶೇಕಡಾ 4 ಬೇಗ, ಎರಡು ಗಂಟೆ ಸಿನಿಮಾ 115 ನಿಮಿಷಕ್ಕೇ ಮುಗಿಯತ್ತೆ, ಏನೂ ಕತ್ತರಿಸಿರಲ್ಲ, ಹಾಡಿನ ಶ್ರುತಿ ಮಾತ್ರ ಒಂಚೂರು ಏರಿರತ್ತೆ, ಸಂಗೀತ ಕಲಿತವರಿಗೆ ಕಿವಿಗೆ ಬೀಳತ್ತೆ.

ಈಗ ತೊಳೆಯೋದು, ಇದನ್ನ ಸರಿಯಾಗಿ ಮಾಡಿದ್ರೆ ಅರ್ಧ ಡಬ್ಬ ಬದುಕತ್ತೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ, ಕನ್ನಡಕ ಒರೆಸೋ ಬಟ್ಟೆ. ಒರೆಸೋದು ಯಾವಾಗ್ಲೂ ಮಧ್ಯದ ತೂತಿಂದ ಅಂಚಿನ ಕಡೆಗೆ ನೇರ, ಸುತ್ತ ಸುತ್ತ ಒರೆಸ್ಬೇಡಿ. ಮಾಹಿತಿ ಇರೋದೇ ಸುತ್ತಾಕಾರವಾಗಿ, ಅಡ್ಡಗೀರು ಬಿದ್ರೆ ಪ್ಲೇಯರ್ ಅದನ್ನ ದಾಟಿ ಸರಿಪಡಿಸ್ಕೊಂಡು ಹೋಗತ್ತೆ, ಸುತ್ತಗೀರು ಬಿದ್ರೆ ಒಂದೇ ಕಡೆ ಉದ್ದಕ್ಕೆ ಎಲ್ಲಾ ಹೋಗತ್ತೆ. ನೆರಳಲ್ಲಿ ಆರಿಸಿ, ಬಿಸಿಲಲ್ಲಿ ಬೇಡ. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ತೆಗೆಯೋದು ಯಾವುದನ್ನೂ ಹತ್ರ ತರ್ಬೇಡಿ, ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂತ ಹೇಳೋರಿರ್ತಾರೆ, ಅದು ಪ್ಲಾಸ್ಟಿಕ್ಕನ್ನೇ ಸವೆಸತ್ತೆ, ಬ್ಲೂರೇಗಂತೂ ಬೇಡವೇ ಬೇಡ.

ಇಲ್ಲಿ ಒಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಸೀಡಿ, ಡಿವಿಡಿ, ಬ್ಲೂರೇ ಮೂರೂ ನೋಡೋಕೆ ಒಂದೇ ಥರ, 1.2 ಮಿಲಿಮೀಟರ್ ದಪ್ಪ, ಆದ್ರೆ ಮಾಹಿತಿ ಕೂತಿರೋ ಜಾಗ ಬೇರೆ. ಸೀಡಿ, ವಿಸಿಡೀಲಿ ಅದು ಮೇಲೆ, ಚಿತ್ರ ಪ್ರಿಂಟ್ ಮಾಡಿದ್ದಾರಲ್ಲ ಅದರ ಕೆಳಗೇ ಇರತ್ತೆ, ಮಧ್ಯ ತೆಳ್ಳಗಿನ ವಾರ್ನಿಷ್ ಅಷ್ಟೇ. ಹಾಗಾಗಿ ವಿಸಿಡಿಗೆ ಹೊಳೆಯೋ ಕಡೆ ಗೀರಿಗಿಂತ ಹೆಸರಿರೋ ಕಡೆ ಗೀರು ಅಪಾಯ, ಬಾಲ್ ಪೆನ್ನಲ್ಲಿ ಹೆಸರು ಬರೆಯೋದು, ಸ್ಟಿಕ್ಕರ್ ಅಂಟಿಸಿ ಕೀಳೋದು ಮಾಡ್ಲೇಬಾರದು, ಸ್ಟಿಕ್ಕರ್ ಜೊತೆ ಬೆಳ್ಳಿ ಪದರನೂ ಎದ್ದು ಬರತ್ತೆ. ಡಿವಿಡೀಲಿ ಎರಡು ತೆಳು ತಟ್ಟೆ ಅಂಟಿಸಿ ಮಧ್ಯ ಮಾಹಿತಿ ಇಟ್ಟಿರ್ತಾರೆ, ಅದಕ್ಕೆ ಬಗ್ಗಿಸೋದೇ ಶತ್ರು. ಬಿಗಿ ಡಬ್ಬಿಯಿಂದ ತೆಗೆಯೋವಾಗ ಅಂಚು ಹಿಡಿದು ಎಳೀಬೇಡಿ, ಮಧ್ಯದ ಗುಂಡಿ ಒತ್ತಿ ಹಿಡಿದು ಆಮೇಲೆ ಎತ್ತಿ. ಬ್ಲೂರೇಲಿ ಮಾಹಿತಿ ಹೊಳೆಯೋ ಕಡೆಯ ಮೇಲ್ಮೈಯಿಂದ 0.1 ಮಿಲಿಮೀಟರ್ ಆಳದಲ್ಲೇ ಇರತ್ತೆ, ಮೇಲೆ ಗಟ್ಟಿ ಲೇಪ ಕೊಟ್ಟಿರೋದ್ರಿಂದ ಸುಲಭಕ್ಕೆ ಗೀರು ಬೀಳಲ್ಲ, ಆದ್ರೆ ಆಳದ ಗೀರು ಬಿತ್ತು ಅಂದ್ರೆ ಉಜ್ಜಿ ಸರಿ ಮಾಡೋ ಹಾಗಿಲ್ಲ.

ಇಡೋದು ಎಲ್ಲಿ. ಅಮೆರಿಕದ ಎನ್‌ಐಎಸ್‌ಟಿ ಅನ್ನೋ ಸರ್ಕಾರಿ ಅಳತೆ-ಗುಣಮಟ್ಟದ ಸಂಸ್ಥೆಯವರು 2003ರಲ್ಲಿ ಗ್ರಂಥಾಲಯಗಳಿಗೆ ಅಂತ ಮಾಡಿದ ಕೈಪಿಡಿ ಪ್ರಕಾರ 4ರಿಂದ 20 ಡಿಗ್ರಿ ತಂಪು, ಶೇಕಡಾ 20ರಿಂದ 50 ತೇವ ಇರ್ಬೇಕು. ಜುಲೈ ತಿಂಗಳಲ್ಲಿ ಮಲೆನಾಡಲ್ಲಿ, ಕರಾವಳೀಲಿ ಆ ಲೆಕ್ಕ ನಡೆಯಲ್ಲ, ಗೋಡೆಗೇ ಬೂಷ್ಟು ಬರತ್ತೆ. ಹಾಗಾಗಿ ನಮಗೆ ಆಗೋದನ್ನ ಮಾಡೋಣ. ಹೆಂಚಿನ ಕೆಳಗಿನ ಅಟ್ಟ, ಶೀಟಿನ ಕೆಳಗೆ, ಬಚ್ಚಲು ಒಲೆ ಪಕ್ಕ ಬೇಡ. ಮನೆ ಮಧ್ಯದ ಕೋಣೆಯ ಬೀರು ಒಳ್ಳೇದು, ಹೊರಗಿನ ಗೋಡೆಗೆ ಒರಗಿಸ್ಬೇಡಿ. ಪುಸ್ತಕದ ಥರ ನೆಟ್ಟಗೆ ನಿಲ್ಸಿ ಇಡಿ, ಒಂದರ ಮೇಲೊಂದು ಪೇರಿಸ್ಬೇಡಿ. ಆ ತೆಳ್ಳಗಿನ ಮೆತ್ತಗಿನ ಪ್ಲಾಸ್ಟಿಕ್ ಕವರ್ ಇರೋ ಆಲ್ಬಮ್ಮಲ್ಲಿ ತುಂಬಾ ವರ್ಷ ಇಟ್ರೆ ಸೆಕೆಗೆ ಅಂಟ್ಕೊಳ್ಳತ್ತೆ, ಗಟ್ಟಿ ಡಬ್ಬಿಗೇ ಹಾಕಿ. ಮಳೆಗಾಲಕ್ಕೆ ಮುಂಚೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ನೀಲಿ ಕಾಳು ಬಣ್ಣ ಬದಲಾಯಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ನುಸಿ ಗುಳಿಗೆ ಮಾತ್ರ ಹಾಕ್ಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೇದಲ್ಲ. ಬೂಷ್ಟು ಹಿಡಿದಿರೋದನ್ನ ಒಳ್ಳೇದ್ರ ಜೊತೆ ಸೇರಿಸದೆ ಬೇರೆ ಇಟ್ಟು, ಮೂಗಿಗೆ ಬಟ್ಟೆ ಕಟ್ಕೊಂಡು ಹೊರಗೆ ಅಂಗಳದಲ್ಲಿ ತೊಳೀರಿ.

ಇಷ್ಟೆಲ್ಲಾ ಮಾಡಿದ್ರೂ ಡಿಸ್ಕ್ ಅಮರ ಅಲ್ಲ ಅನ್ನೋದನ್ನೂ ಹೇಳ್ಬೇಕು. ವಾರ್ನರ್ ಕಂಪ್ನಿಯವರು 2006ರಿಂದ 2008ರ ನಡುವೆ ತಯಾರಾದ ಕೆಲವು ಡಿವಿಡಿಗಳು ತಾವಾಗೇ ಕೆಡ್ತಿವೆ ಅಂತ 2025ರಲ್ಲಿ ಒಪ್ಪಿಕೊಂಡ್ರು, ಜನ ಜೋಪಾನವಾಗಿ ಇಟ್ಟಿದ್ದೂ ಹೋಯ್ತು. ಹಾಗಾಗಿ ವರ್ಷಕ್ಕೊಂದು ಸಲ, ನಾವು ಆಯುಧ ಪೂಜೆ ಮುಂಚೆ ಬೀರು ಒರೆಸೋವಾಗ ಮಾಡ್ತೀವಿ, ಒಂದೊಂದನ್ನೂ ತೆಗೆದು ಬಲ್ಬಿಗೆ ಅಡ್ಡ ಹಿಡಿದು ನೋಡಿ. ಸೂಜಿ ಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿ ಬಂದ್ರೆ, ಅಂಚಲ್ಲಿ ಕಂದು ಬಣ್ಣ ತಿರುಗಿದ್ರೆ, ಹಾಳಾಗ್ತಿದೆ ಅಂತ ಗೊತ್ತಾಗತ್ತೆ.

ಓದ್ಲಿಲ್ಲ ಅಂದ ತಕ್ಷಣ ಡಿಸ್ಕ್ ಎಸೀಬೇಡಿ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಗತ್ತೆ, ಎಷ್ಟೋ ಸಲ ಮಂಜಾಗಿರೋದು ಪ್ಲೇಯರಿನ ಕಣ್ಣು. ಇನ್ನೊಂದು ಪ್ಲೇಯರಲ್ಲಿ ಅಥವಾ ಕಂಪ್ಯೂಟರಲ್ಲಿ ಹಾಕಿ ನೋಡಿ. ವಿಸಿಡಿ ಎಲ್ಲಾ ಓದಿ ಡಿವಿಡಿ ಒಂದೂ ಓದ್ತಿಲ್ಲ ಅಂದ್ರೆ ಕೆಂಪು ಲೇಸರ್ ಸೋತಿದೆ, ಡಿಸ್ಕಿಗೆ ಏನೂ ಆಗಿಲ್ಲ. ಹೊಸ ಬ್ಲೂರೇ ಮಾತ್ರ ಓಡ್ತಿಲ್ಲ ಹಳೇದೆಲ್ಲಾ ಓಡ್ತಿದೆ ಅಂದ್ರೆ ಪ್ಲೇಯರನ್ನ ಒಂದು ಸಲ ನೆಟ್ಟಿಗೆ ಸಿಕ್ಕಿಸಿ ಫರ್ಮ್‌ವೇರ್, ಅಂದ್ರೆ ಅದರೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿ, ಹೊಸ ಡಿಸ್ಕಿನ ಬೀಗಕ್ಕೆ ಹೊಸ ಕೀಲಿ ಬೇಕಾಗತ್ತೆ.

ಹೊಸದಾಗಿ ತಗೊಳ್ಳೋರಿಗೆ. 2007ರ ಸುಮಾರಿಗೆ ಮೋಸರ್ ಬೇಯರ್‌ನವರು ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿಗೆ ಮಾರ್ತಿದ್ರು, ದಿನಸಿ ಅಂಗಡೀಲೂ ನೇತು ಹಾಕಿರ್ತಿದ್ರು, ಆ ಕಾಲ ಈಗಿಲ್ಲ, ಆದ್ರೆ ಆಗ ಮಾರಿದ್ದೆಲ್ಲಾ ಇನ್ನೂ ಎಲ್ಲೋ ಇದೆ. ಬೆಂಗಳೂರಲ್ಲಿ ಚಿಕ್ಕಪೇಟೆ ಹತ್ರದ ಸಂಡೇ ಬಜಾರ್, ಅವೆನ್ಯೂ ರೋಡಿನ ಹಳೇ ಪುಸ್ತಕದವರು, ಊರುಗಳಲ್ಲಿ ಮುಚ್ಚಿದ ಸೀಡಿ ಲೈಬ್ರರಿಗಳು, ಹಳೇ ಆಡಿಯೋ ಕ್ಯಾಸೆಟ್ ಅಂಗಡಿಗಳ ಹಿಂದಿನ ಕಪಾಟು, ಗುಜರಿ ಅಂಗಡಿ, ಇವೆಲ್ಲಾ ಕಡೆ ಕೇಳ್ಬೇಕು, ಕೇಳದೆ ಯಾರೂ ತೆಗೆದು ಕೊಡಲ್ಲ. ತಗೊಳ್ಳೋವಾಗ ಹಿಂಭಾಗ ಬೆಳ್ಳಿ ಬಣ್ಣ ಇದ್ಯಾ ನೋಡಿ, ಮಧ್ಯದ ಉಂಗುರದಲ್ಲಿ ಐಎಫ್‌ಪಿಐ ಅನ್ನೋ ಫ್ಯಾಕ್ಟರಿ ಗುರುತು ಸಣ್ಣ ಅಕ್ಷರದಲ್ಲಿ ಕೊರೆದಿದ್ರೆ ಒಳ್ಳೇ ಲಕ್ಷಣ, ತೂತಿನ ಸುತ್ತ ಬಿರುಕು ಬಿಟ್ಟಿದ್ರೆ ಬೇಡ, ಅದು ಪ್ಲೇಯರ್ ಒಳಗೆ ಒಡೆದ್ರೆ ಪ್ಲೇಯರೂ ಹೋಗತ್ತೆ. ವಿಸಿಡಿ ಆದ್ರೆ ಮೂರಕ್ಕೆ ಮೂರೂ ಇದೆಯಾ ಅಂತ ಡಬ್ಬಿ ತೆಗೆಸಿ ನೋಡಿ, ಕ್ಲೈಮ್ಯಾಕ್ಸ್ ಇರೋ ಮೂರನೇದು ಇಲ್ಲದ ಸೆಟ್ ನಾನು ಎರಡು ಸಲ ತಂದಿದೀನಿ. ಕನ್ನಡ ಸಿನಿಮಾಗಳು ಬ್ಲೂರೇಲಿ ಬಂದಿದ್ದು ತೀರಾ ಕಮ್ಮಿ, ಅದಕ್ಕೆ ಕನ್ನಡಕ್ಕೆ ಡಿವಿಡಿ, ಬೇರೆ ಭಾಷೆಗೆ ಬ್ಲೂರೇ ಅಂತ ನಾನು ಲೆಕ್ಕ ಇಟ್ಕೊಂಡಿದೀನಿ.

ಎಲ್ಲಾ ತಗೋಬೇಡಿ. ಜಾಗ ಸಾಲಲ್ಲ, ದುಡ್ಡೂ ಸಾಲಲ್ಲ, ಒಂದು ಸಲ ನೋಡಿ ಮರೆಯೋ ಸಿನಿಮಾಗೆ ಆ್ಯಪೇ ಸರಿ, ನಾನೂ ಅದನ್ನೇ ಮಾಡೋದು. ಮೂರನೇ ಸಲ ನೋಡ್ತೀನಿ ಅನ್ಸಿದ್ದು, ಮನೇಲಿ ದೊಡ್ಡವರು ಹೆಸರು ಹಿಡಿದು ಕೇಳೋದು, ಎಲ್ಲೂ ಸಿಗದೇ ಇರೋದು, ಈ ಮೂರರಲ್ಲಿ ಒಂದಕ್ಕಾದ್ರೂ ಸೇರಿದ್ರೆ ಡಿಸ್ಕ್ ತಗೊಳ್ಳಿ. ತಂದ ದಿನಾನೇ ಪೂರ್ತಿ ಒಂದು ಸಲ ಓಡಿಸಿ ನೋಡಿ, ಆರು ತಿಂಗಳು ಬಿಟ್ಟು ನೋಡಿದ್ರೆ ಅಂಗಡಿಯವರು ವಾಪಸ್ ತಗೊಳ್ಳಲ್ಲ.

ಕೊನೇದಾಗಿ ಒಂದು ನೋಟ್ ಪುಸ್ತಕ ಇಡಿ. ಹೆಸರು, ವಿಸಿಡಿನಾ ಡಿವಿಡಿನಾ, ಹಾಡು ಎಲ್ಲಾ ಇದೆಯಾ, ಕೊನೇ ಸಲ ಯಾವಾಗ ಓಡ್ಸಿದ್ದು, ಯಾರಿಗೆ ಕೊಟ್ಟಿದ್ದು. ಕೊಡೋದು ಬಿಡ್ಬೇಡಿ, ಪಕ್ಕದ ಮನೆ ಅಜ್ಜಿಗೆ ಒಂದು ಸಿನಿಮಾ ಕೈಯಲ್ಲಿ ಹಿಡಿದು ಕೊಟ್ಟು ಬರೋದು ಆ್ಯಪಲ್ಲಿ ಆಗೋ ಕೆಲಸ ಅಲ್ಲ, ಆದ್ರೆ ಬರ್ಕೊಳ್ಳಿ. ನಮ್ಮನೇ ಪುಸ್ತಕದಲ್ಲಿ ಇನ್ನೂ ಮೂರು ಹೆಸರು ಹೊಡೆದು ಹಾಕಿಲ್ಲ, ಅದ್ರಲ್ಲಿ ಒಂದು ಸೋದರತ್ತೆ ಮನೇದು, ಯುಗಾದಿಗೆ ಹೋದಾಗ ಇಸ್ಕೊಂಡು ಬರ್ಬೇಕು.